ದೀಪದ ಮೇಜಿನ ಮಡಿಕೆಯಕ್ಕ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇನೋ ಇತ್ತು. ಆದರೆ ಮೇಲ್ವಿಚಾರಕರಿಂದ ಹಿಡಿದು ಟ್ರಾಲಿ ತಳ್ಳುವವರ ತನಕ ಎಲ್ಲರಿಗೂ ಅವಳು ಮಡಿಕೆಯಕ್ಕ. ಆಪರೇಷನ್ ಕೋಣೆಗೆ ಹೋಗುವ ಹಸಿರು ಬಟ್ಟೆಗಳನ್ನು ಅವಳ ಹಾಗೆ ಮಡಿಸುವುದು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆ ಬಟ್ಟೆಯ ನಡುವೆ ಒಂದು ಕಿಂಡಿ ಇರುತ್ತದೆ. ಡಾಕ್ಟರು ಕೊಯ್ಯುವ ಜಾಗ ಬಿಟ್ಟು ಮಿಕ್ಕ ಮೈಯೆಲ್ಲ ಮುಚ್ಚಲಿ ಅಂತ. ನರ್ಸು ಒಂದೊಂದೇ ಮಡಿಕೆ ಬಿಡಿಸಿದಾಗ ಕಿಂಡಿ ತಾನಾಗಿ ನಡುವಿಗೆ ಬಂದು ಕೂರಬೇಕು, ಎಳೆದಾಡುವ ಹಾಗಿಲ್ಲ. ಮಡಿಕೆಯಕ್ಕನ ಬಟ್ಟೆ ಇಪ್ಪತ್ತಾರು ವರ್ಷ ಹಾಗೇ ಕೂತಿತ್ತು.

ಮಡಿಸುವ ಮುಂಚೆ ನೋಡುವ ಕೆಲಸ. ಅವಳ ಮುಂದೆ ಗಾಜಿನ ಮೇಜು, ಗಾಜಿನ ಕೆಳಗೆ ಮೂರು ಟ್ಯೂಬ್‌ಲೈಟು. ಒಗೆದು ಒಣಗಿ, ದೊಡ್ಡ ರೋಲರಿನಲ್ಲಿ ಇಸ್ತ್ರಿಯಾಗಿ ಬಂದ ಬಟ್ಟೆಯನ್ನು ಆ ದೀಪದ ಮೇಜಿನ ಮೇಲೆ ಹರಡಿ ತೂತು, ಸವಕಲು, ಅಂಟಿದ ಕೂದಲು ಏನಾದರೂ ಇದೆಯೇ ಅಂತ ಬೆಳಕಿಗೆ ನೋಡಬೇಕು. ತೂತು ಕಂಡರೆ ಪಕ್ಕದ ಹೊಲಿಗೆ ಮಿಷನ್ನಿಗೆ. ಅಲ್ಲಿ ತೇಪೆ ಬಿದ್ದು ಮತ್ತೆ ದೀಪದ ಮೇಜಿಗೆ.

ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದವಳಿಗೆ ತೇಪೆಯಮ್ಮ ಅಂತ ಹೆಸರು ಬಿದ್ದದ್ದು ಸಹಜವೇ. ಮಡಿಕೆಯಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಹತ್ತೊಂಬತ್ತು ವರ್ಷದಿಂದ ಇಬ್ಬರ ಕುರ್ಚಿಯೂ ಪಕ್ಕಪಕ್ಕ. ತೇಪೆಯಮ್ಮನ ಮಗಳಿಗೆ ದೀಕ್ಷಾಸ್ನಾನ ಮಾಡಿಸುವಾಗ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ಮಡಿಕೆಯಕ್ಕ. ಆ ಮಗುವಿಗೆ ನಾಲ್ಕು ತುಂಬುವ ಮೊದಲೇ ತಂದೆ ತೀರಿಕೊಂಡಾಗ ಹೆಣದ ಪಕ್ಕ ತೇಪೆಯಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ಅವಳೇ. ಮಕ್ಕಳಿಲ್ಲದ ಮಡಿಕೆಯಕ್ಕನಿಗೆ ಆ ಹುಡುಗಿ ಮಗಳೇ ಆಗಿಬಿಟ್ಟಿದ್ದಳು.

ಮಡಿಕೆಯಕ್ಕನಿಗೆ ಒಂದು ಅಭ್ಯಾಸವಿತ್ತು. ಚರ್ಚಿನಲ್ಲಿ ಬೆಳಗಿನ ಆರೂವರೆ ಪೂಜೆಗೆ ಹೋದರೆ ಅವತ್ತು ಓದಿದ ಬೈಬಲಿನ ಶುಭಸಂದೇಶದಿಂದ ಒಂದೇ ಒಂದು ಮಾತನ್ನು ಆರಿಸಿಕೊಂಡು ಬರುತ್ತಿದ್ದಳು. ಉದ್ದದ ಬೋಧನೆ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಾತು ಮಾತ್ರ, ಇಡೀ ದಿನ ಬಾಯಲ್ಲಿ ಆಡಿಸುತ್ತಾ ಬಟ್ಟೆ ಮಡಿಸುವುದು. ತೇಪೆಯಮ್ಮ ಪೂಜೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಮಿಷನ್ನಿಗೆ ದಾರ ಏರಿಸುತ್ತಾ ಕೇಳುತ್ತಿದ್ದಳು, "ಅಕ್ಕ, ಇವತ್ತಿನ ಮಾತೇನು?"

"ಸಾಸಿವೆ ಕಾಳು."

"ಅಷ್ಟೇನಾ? ನಿನ್ನೆ ಬೆಟ್ಟ ಇತ್ತು. ಇವತ್ತು ಸಾಸಿವೆಗೆ ಇಳಿಸಿಬಿಟ್ರಲ್ಲ ಫಾದರು."

ಇಬ್ಬರೂ ನಗುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಆ ಸಾಸಿವೆ ಇಬ್ಬರ ನಡುವೆ ಎರಡೆಲೆ ಬಿಟ್ಟಿರುತ್ತಿತ್ತು.

ಮಡಿಕೆಯಕ್ಕನ ಗಂಡನದು ಕ್ಷೌರದಂಗಡಿ. ಮಾತಿನ ಮಲ್ಲ. ಚರ್ಚಿಗೆ ಹಬ್ಬಕ್ಕೊಂದು ಸಲ ಬಂದರೆ ಅದೇ ಹೆಚ್ಚು. "ನನ್ನ ಕುರ್ಚೀಲಿ ಕೂತೋರೆಲ್ಲ ನನಗೇ ಪಾಪನಿವೇದನೆ ಮಾಡ್ತಾರೆ ಕಣೇ. ಕ್ಷಮಿಸೋ ಅಧಿಕಾರ ಒಂದು ನನಗಿಲ್ಲ. ತಲೆ ಮೇಲೊಂದಿಷ್ಟು ನೀರು ಚಿಮುಕಿಸಿ ಕಳಿಸ್ತೀನಿ," ಅನ್ನುತ್ತಿದ್ದ.

ಹೀಗೆ ನಡೆಯುತ್ತಿದ್ದ ಬದುಕಿಗೆ ಒಂದು ಶನಿವಾರ ಸೂಜಿ ಚುಚ್ಚಿತು.

ಹೊಲಿಗೆ ಮಿಷನ್ನಿನ ಸೂಜಿ ಮುರಿದರೆ ಲಾಂಡ್ರಿಯಲ್ಲಿ ಕಟ್ಟುನಿಟ್ಟಾದ ನಿಯಮ. ಮುರಿದ ಎರಡೂ ತುಂಡು ಸಿಗಬೇಕು; ಎರಡನ್ನೂ ಮೇಲ್ವಿಚಾರಕರಿಗೆ ತೋರಿಸಿ ಕಾಗದಕ್ಕೆ ಟೇಪು ಹಾಕಿ ಅಂಟಿಸಬೇಕು. ತುಂಡು ಸಿಗದಿದ್ದರೆ ಆ ಹೊತ್ತಿನ ಬಟ್ಟೆ ಒಂದೂ ಹೊರಗೆ ಹೋಗುವ ಹಾಗಿಲ್ಲ. ಆ ಶನಿವಾರ ತೇಪೆಯಮ್ಮನ ಸೂಜಿ ಮುರಿಯಿತು. ಮೇಲಿನ ತುಂಡು ಮಿಷನ್ನಿನಲ್ಲೇ ಉಳಿಯಿತು, ಮೊನೆ ಸಿಗಲಿಲ್ಲ. ಹಿಂದೊಮ್ಮೆ ಇದೇ ತಪ್ಪಿಗೆ ಅವಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತ್ತು. ಇನ್ನೊಂದು ಸಲವಾದರೆ ಕೆಲಸವೇ ಹೋಗುತ್ತದೆ ಅಂತ ಅದರಲ್ಲಿ ಬರೆದಿದ್ದರು. ಅವಳು ಸದ್ದಿಲ್ಲದೆ ಹೊಸ ಸೂಜಿ ಹಾಕಿಕೊಂಡು ತೇಪೆ ಮುಗಿಸಿ ಬಟ್ಟೆಯನ್ನು ದೀಪದ ಮೇಜಿಗೆ ಸರಿಸಿದಳು. ಮಡಿಕೆಯಕ್ಕ ಅದನ್ನು ಮಡಿಸಿದಳು.

ಸೋಮವಾರ ಆಪರೇಷನ್ ಕೋಣೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಬಟ್ಟೆ ಹಾಸುವಾಗ ತೇಪೆಯೊಳಗಿದ್ದ ಮೊನೆ ನರ್ಸಿನ ಅಂಗೈಗೆ ಇಳಿಯಿತು. ಮಗುವಿಗೆ ಏನೂ ಆಗಲಿಲ್ಲ. ನರ್ಸಿನ ಕೈ ಮಾತ್ರ ಸಂಜೆಯೊಳಗೆ ಬಾತುಕೊಂಡಿತು. ಮೇಟ್ರನ್ ಲಾಂಡ್ರಿಗೆ ಬಂದು ನಿಂತರು. "ಯಾರದು ಅಂತ ನಾಡಿದ್ದರೊಳಗೆ ಗೊತ್ತಾಗಬೇಕು," ಅಂದು ಹೋದರು.

ಮಂಗಳವಾರ ಊಟದ ಹೊತ್ತಿನಲ್ಲಿ ತೇಪೆಯಮ್ಮ ಮಡಿಕೆಯಕ್ಕನ ತೋಳು ಹಿಡಿದು ಟೆರೇಸಿಗೆ ಕರೆದುಕೊಂಡು ಹೋದಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಬಿಕ್ಕಿದಳು.

"ಕೆಲಸ ಹೋದ್ರೆ ಮಗಳ ಓದು ಏನಾಗುತ್ತೆ ಅಕ್ಕ? ನಾನು ಎಲ್ಲಿಗೆ ಹೋಗ್ಲಿ?"

ಮಡಿಕೆಯಕ್ಕ ಅವಳ ಬೆನ್ನು ಸವರಿದಳು. "ಅಳಬೇಡ. ನಾಳೆ ಒಂಬತ್ತಕ್ಕೆ ಇಬ್ರೂ ಹೋಗೋಣ. ನೀನು ನಿನ್ನದು ಹೇಳು, ನಾನು ನನ್ನದು ಹೇಳ್ತೀನಿ."

"ನಿನ್ನದೇನು?"

"ಶನಿವಾರ ನಾನೂ ಸರಿಯಾಗಿ ನೋಡ್ಲಿಲ್ಲ ಕಣೇ. ಕಣ್ಣು ಉರೀತಿತ್ತು. ಕೆಲವು ದಿನದಿಂದ ದೀಪದ ಸುತ್ತ ಮಂಜು ಕಟ್ಟಿದ ಹಾಗೆ ಕಾಣುತ್ತೆ. ಯಾರಿಗೂ ಹೇಳಿಲ್ಲ. ಮನೇಲೂ ಹೇಳಿಲ್ಲ. ನಿನ್ನ ತೇಪೆ ಅಂದ್ರೆ ನೋಡೋದೇನು ಅಂತ ಹಾಗೇ ಮಡಿಸಿಬಿಟ್ಟೆ. ಅರ್ಧ ತಪ್ಪು ನನ್ನದೇ. ಇಬ್ಬರ ತಪ್ಪು ಅಂದ್ರೆ ಒಬ್ಬರ ಕೆಲಸ ತೆಗೆಯೋಕೆ ಅವರೂ ಹಿಂದೆಮುಂದೆ ನೋಡ್ತಾರೆ."

ತೇಪೆಯಮ್ಮ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಬುಧವಾರದ ಪೂಜೆಯಲ್ಲಿ ಓದಿದ ಶುಭಸಂದೇಶದಲ್ಲಿ ಯೇಸುಸ್ವಾಮಿ ಆಣೆಪ್ರಮಾಣ ಬೇಡ ಅನ್ನುತ್ತಾರೆ; ಹೌದಾದರೆ ಹೌದೆನ್ನಿ, ಇಲ್ಲವಾದರೆ ಇಲ್ಲವೆನ್ನಿ, ಅಷ್ಟು ಸಾಕು ಅನ್ನುತ್ತಾರೆ. ಇವತ್ತಿಗೆ ಹೇಳಿ ಮಾಡಿಸಿದ ಮಾತು ಅಂದುಕೊಂಡಳು ಮಡಿಕೆಯಕ್ಕ. ತೇಪೆಗೆ ಧೈರ್ಯ ಹೇಳಲು ಇದೇ ಸಾಕು. ಬಾಯಲ್ಲಿ ಅದನ್ನೇ ಆಡಿಸುತ್ತಾ ಎಂಟೂವರೆಗೆ ಲಾಂಡ್ರಿಗೆ ಬಂದರೆ ಹೊಲಿಗೆ ಮಿಷನ್ನಿನ ಕುರ್ಚಿ ಖಾಲಿ.

"ಅವಳು ಎಂಟಕ್ಕೇ ಮೇಲೆ ಮೇಟ್ರನ್ ಕೋಣೆಗೆ ಹೋದ್ಲು," ಅಂದ ಟ್ರಾಲಿಯವನು. "ನಿಮ್ಮನ್ನೂ ಬರ ಹೇಳಿದಾರೆ."

ಮೇಜಿನ ಆಚೆ ಮೇಟ್ರನ್, ಆಸ್ಪತ್ರೆಯ ಆಡಳಿತಾಧಿಕಾರಿ, ಲಾಂಡ್ರಿಯ ಮೇಲ್ವಿಚಾರಕರು. ಈಚೆ ತೇಪೆಯಮ್ಮ, ಕರ್ಚೀಫು ಮುದುಡಿ ಹಿಡಿದು, ತಲೆ ತಗ್ಗಿಸಿ.

"ಕೂತ್ಕೊಳ್ಳಿ," ಅಂದರು ಮೇಟ್ರನ್. "ನಿಮ್ಮ ಕಣ್ಣು ಮಂಜಾಗಿದೆ, ಅದನ್ನ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೀರಿ ಅಂತ ಇವರು ಹೇಳ್ತಿದಾರೆ. ನಿಜವೇ?"

ಮಡಿಕೆಯಕ್ಕನಿಗೆ ಒಂದು ಕ್ಷಣ ಪ್ರಶ್ನೆಯೇ ಅರ್ಥವಾಗಲಿಲ್ಲ. ತೇಪೆಯಮ್ಮನ ಕಡೆ ನೋಡಿದಳು. ತೇಪೆಯಮ್ಮ ಕರ್ಚೀಫು ನೋಡುತ್ತಿದ್ದಳು.

"ಹೌದು," ಅಂದಳು.

"ಶನಿವಾರದ ಬಟ್ಟೆ ದೀಪಕ್ಕೆ ಹಿಡಿದು ನೋಡಿಲ್ಲ ಅಂತ ನಿನ್ನೆ ಇವರ ಹತ್ರ ನೀವೇ ಒಪ್ಪಿಕೊಂಡ್ರಂತೆ?"

"ಹೌದು. ಆದ್ರೆ..."

"ಸೂಜಿ ಮುರೀತು, ಮೊನೆ ಸಿಗಲಿಲ್ಲ, ಚೆನ್ನಾಗಿ ನೋಡು ಅಂತ ಹೇಳಿಯೇ ಬಟ್ಟೆ ಕೊಟ್ಟೆ ಅಂತಿದಾರೆ ಇವರು. ಮೇಲ್ವಿಚಾರಕರಿಗೆ ನೀವೇ ತಿಳಿಸ್ತೀನಿ ಅಂದ್ರಂತೆ?"

"ಇಲ್ಲ!" ಮಡಿಕೆಯಕ್ಕ ಎದ್ದು ನಿಂತಳು. "ಅದು ಸುಳ್ಳು. ಶನಿವಾರ ನನಗೇನೂ ಹೇಳ್ಲಿಲ್ಲ. ನಿನ್ನೆ ಟೆರೇಸಲ್ಲಿ ಹೇಳಿದ್ಲು, ಅತ್ತಳು. ಏ ತೇಪೆ, ಹೇಳೇ. ನಿನ್ನೆ ನೀನು ಹೇಳ್ಲಿಲ್ವಾ?"

ತೇಪೆಯಮ್ಮ ತಲೆ ಎತ್ತಿದಳು. ಕಣ್ಣಲ್ಲಿ ನಿಜವಾದ ನೀರೇ ಇತ್ತು. "ಅಕ್ಕ, ಯಾಕಕ್ಕ ಹೀಗ್ ಮಾಡ್ತೀಯ? ನಾನು ಶನಿವಾರವೇ ಹೇಳಿದ್ನಲ್ಲ."

ಎರಡು ಹೌದು ಹೇಳಿದವಳ ಮೂರನೆಯ ಇಲ್ಲವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಕೂಡಲೇ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಪೊರೆ ಶುರುವಾಗಿದೆ ಅಂತ ಚೀಟಿ ಬಂತು. ಸುಳ್ಳಿಗೆ ಡಾಕ್ಟರ ಸಹಿ ಬಿದ್ದ ಹಾಗಾಯಿತು.

ಕೆಲಸ ತೆಗೆಯಲಿಲ್ಲ. ಮರುದಿನದಿಂದ ಅವಳಿಗೆ ನೆಲಮಾಳಿಗೆಯ ಕೊಳೆಬಟ್ಟೆ ಕೋಣೆ. ವಾರ್ಡುಗಳಿಂದ ಚೀಲಗಳಲ್ಲಿ ಬರುವ ಬಟ್ಟೆಯನ್ನು ಬಿಚ್ಚಿ, ರಕ್ತದ್ದು ಬೇರೆ, ವಾಂತಿಯದು ಬೇರೆ, ಬರೀ ಬೆವರಿನದು ಬೇರೆ ಮಾಡುವ ಕೆಲಸ. ಎರಡೆರಡು ಕೈಗವಸು, ಮುಖಕ್ಕೆ ಮುಸುಕು, ಮೊಣಕಾಲಿನ ತನಕ ರಬ್ಬರಿನ ಏಪ್ರನ್ನು. ದೀಪದ ಮೇಜಿಗೆ ಯಾರು? ಮಡಿಕೆಯಕ್ಕನ ಮಡಿಕೆ ಗೊತ್ತಿದ್ದವಳು ಇಡೀ ಲಾಂಡ್ರಿಯಲ್ಲಿ ಒಬ್ಬಳೇ. ಮಧ್ಯಾಹ್ನ ಕೆಲಸವಿಲ್ಲದಾಗ ಕೈ ಹಿಡಿದು ಕಲಿಸಿದ್ದವಳೂ ಮಡಿಕೆಯಕ್ಕನೇ. ತೇಪೆಯಮ್ಮ ಒಂದು ಕುರ್ಚಿ ಪಕ್ಕಕ್ಕೆ ಸರಿದು ಕೂತಳು, ಅಷ್ಟೇ.

"ಹೋಗಿ ಅವಳ ಜುಟ್ಟು ಹಿಡೀಲಾ? ಅಂಗಡೀಲಿ ಕತ್ತರಿ ಸಾಣೆ ಹಿಡಿದು ಇಟ್ಟಿದೀನಿ," ಅಂದ ಗಂಡ. ಅವಳು ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ. ಆಮೇಲೆ ಮೆಲ್ಲಗೆ ಕೇಳಿದ, "ಕಣ್ಣು ಮಂಜಾಗಿದ್ದು ನನಗ್ಯಾಕೆ ಹೇಳ್ಲಿಲ್ಲ?" ಗಂಡನಿಗೆ ಹೇಳದ್ದನ್ನು ಗೆಳತಿಗೆ ಹೇಳಿದ್ದಳು.

ಭಾನುವಾರ ಪೂಜೆಗೆ ಹೋದರೆ ತೇಪೆಯಮ್ಮ ಯಾವಾಗಲೂ ಕೂರುವ ಅದೇ ಬೆಂಚಿನಲ್ಲಿ, ಮಗಳ ಜೊತೆ, ಮಡಿಕೆಯಕ್ಕನಿಗೆ ಜಾಗ ಬಿಟ್ಟು ಕೂತಿದ್ದಳು. ಮಡಿಕೆಯಕ್ಕ ಹಿಂದಿನ ಬೆಂಚಿಗೆ ಹೋದಳು. ಪರಮಪ್ರಸಾದಕ್ಕೆ ಮುಂಚೆ, ಒಬ್ಬರಿಗೊಬ್ಬರು ಶಾಂತಿ ಕೋರಿರಿ ಅಂತ ಗುರುಗಳು ಹೇಳಿದಾಗ ತೇಪೆಯಮ್ಮ ತಿರುಗಿ ಕೈ ಚಾಚಿದಳು. "ಶಾಂತಿ ಇರಲಿ ಅಕ್ಕ."

ಆ ಬೆರಳುಗಳನ್ನು ಮಡಿಕೆಯಕ್ಕ ನೋಡಿದಳು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ತನ್ನ ಕೈಯನ್ನು ಎತ್ತಬೇಕು ಅಂದುಕೊಂಡಳು. ಕೈ ಮಾತು ಕೇಳಲಿಲ್ಲ. ಪ್ರಸಾದಕ್ಕೂ ಹೋಗದೆ, ಎಲ್ಲರೂ ಎದ್ದು ಸಾಲು ನಿಂತಾಗ ಮೊಣಕಾಲೂರಿ ಹಾಗೇ ಉಳಿದಳು. ಹೊರಗೆ ಮೆಟ್ಟಿಲ ಮೇಲೆ, ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯ ಹೆಂಡತಿ ಹಿಡಿದು ನಿಲ್ಲಿಸಿದಳು.

"ಎಲ್ರೂ ನೋಡಿದ್ರು ಅಕ್ಕ. ದಿನಾ ಪೂಜೆಗೆ ಬರೋರು ನೀವು. ಪಾಪ, ಅವಳೇ ಸೋತು ಕೈ ಚಾಚಿದ್ಲಲ್ಲ. ಬೈಬಲ್ ಓದಿ ಓದಿ ಇಷ್ಟೇನಾ?"

ಯಾರು ಕೆಟ್ಟದ್ದು ಮಾಡಿದರೋ ಅವರು ಸೋತವರು, ಯಾರಿಗೆ ಕೆಟ್ಟದ್ದಾಯಿತೋ ಅವರು ಗರ್ವಿ. ಮಡಿಕೆಯಕ್ಕ ಛತ್ರಿ ಬಿಡಿಸಿಕೊಂಡು ಬಿಸಿಲಿಗೆ ಇಳಿದಳು.

ಬೆಳಗಿನ ಪೂಜೆ ಬಿಡಲಿಲ್ಲ. ಆದರೆ ಮಾತು ಆರಿಸಿಕೊಂಡು ಬರುವುದು ಈಗ ಮುಳ್ಳು ಆರಿಸಿದ ಹಾಗಾಗಿತ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯುವ ಭಾಗ ಓದಿದ ದಿನ ಕೊಳೆಬಟ್ಟೆ ಚೀಲದ ಗಂಟು ಬಿಚ್ಚುತ್ತಾ ಇದ್ದಕ್ಕಿದ್ದ ಹಾಗೆ ಅವಳಿಗೆ ಹೊಳೆಯಿತು: ಆ ಹನ್ನೆರಡು ಜನರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನೂ ಇದ್ದ. ಅವನ ಕಾಲನ್ನೂ ತೊಳೆದಿದ್ದಾರೆ. ಹಿಮ್ಮಡಿ, ಬೆರಳಿನ ಸಂದು, ಎಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಕಾಲು ಎಲ್ಲಿಗೆ ನಡೆದು ಹೋಗುತ್ತದೆ ಅಂತ ಗೊತ್ತಿದ್ದೂ ತೊಳೆದು ಒರೆಸಿದ್ದಾರೆ. ಇಷ್ಟು ವರ್ಷ ಎಷ್ಟು ಸಲ ಓದಿದ್ದರೂ ಇದು ಕಂಡಿರಲಿಲ್ಲ. ಕಂಡದ್ದೇ ಅವಳಿಗೆ ಯೇಸುವಿನ ಮೇಲೆಯೇ ಸಿಟ್ಟು ಬಂತು. "ನಿಮಗೆ ಗೊತ್ತಿತ್ತು ಸ್ವಾಮಿ," ಅಂದಳು ಮುಸುಕಿನೊಳಗೇ. "ನನಗೆ ಗೊತ್ತಿರ್ಲಿಲ್ಲ."

ಕೀರ್ತನೆಗಳಲ್ಲಿ ಶತ್ರುವಿನ ಹಲ್ಲು ಮುರಿ, ಅವನ ಹೆಸರು ಅಳಿಸು ಅಂತ ಕೂಗುವ ಕೆಲವು ಇವೆ. ಮೊದಲು ಅವಳು ಅವುಗಳ ಪುಟ ಬೇಗ ತಿರುಗಿಸುತ್ತಿದ್ದಳು, ದೇವರ ಪುಸ್ತಕದಲ್ಲಿ ಇಂಥದ್ಯಾಕೆ ಅಂತ. ಈಗ ಅವನ್ನೇ ಹುಡುಕಿ ಓದಿದಳು. ಜೊತೆಗೆ ಕೂತು ಉಂಡವನೇ ಎದುರು ನಿಂತ ಅಂತ ಗೋಳಾಡುವ ಸಾಲುಗಳ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. ಯಾರೋ ಸಾವಿರಾರು ವರ್ಷದ ಹಿಂದೆ ತನ್ನ ಪರವಾಗಿ ಬೈದಿಟ್ಟ ಹಾಗೆ ಸಮಾಧಾನವಾಗುತ್ತಿತ್ತು.

ಒಂದು ಶನಿವಾರ ಸಂಜೆ ಪಾಪನಿವೇದನೆಗೆ ಹೋದಳು. ಜಾಲರಿಯಾಚೆ ವಯಸ್ಸಾದ ವಿಚಾರಣಾ ಗುರುಗಳು. ಅವರ ಏದುಸಿರು ಕೇಳುತ್ತಿತ್ತು.

"ಫಾದರ್, ಒಬ್ಬರಿಗೆ ಶಾಂತಿ ಹೇಳೋಕೆ ನನ್ನ ಕೈ ಏಳ್ತಿಲ್ಲ."

ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತಿರುವಾಗಲೇ ಒಂದು ಯೋಚನೆ ಬಂದು ನಾಲಿಗೆ ತಡವರಿಸಿತು. ತೇಪೆಯಮ್ಮ ಇದೇ ಜಾಲರಿಯ ಮುಂದೆ ಮೊಣಕಾಲೂರಿ ನಿಜವನ್ನು ಹೇಳಿರಬಹುದು. ಹೇಳಿದ್ದರೆ ಈ ಮುದುಕರಿಗೆ ಎಲ್ಲ ಗೊತ್ತು, ಪ್ರಾಣ ಹೋದರೂ ಬಾಯಿ ಬಿಡುವ ಹಾಗಿಲ್ಲ. ಹೇಳದಿದ್ದರೆ ಆ ಸುಳ್ಳನ್ನು ನಾಲಿಗೆಯ ಮೇಲಿಟ್ಟುಕೊಂಡೇ ಅವಳು ಪ್ರಸಾದ ತೆಗೆದುಕೊಳ್ಳುತ್ತಿದ್ದಾಳೆ. ಎರಡರಲ್ಲಿ ಯಾವುದು ತನಗೆ ಹೆಚ್ಚು ನೋವು ಅಂತ ಮಡಿಕೆಯಕ್ಕನಿಗೆ ತಿಳಿಯಲಿಲ್ಲ.

ಗುರುಗಳು ಕೇಳಿದರು, "ಅವಳಿಗೆ ಕೆಟ್ಟದಾಗಲಿ ಅಂತ ಬಯಸ್ತಿದ್ದೀಯಮ್ಮ?"

"ಕೆಲವು ಹೊತ್ತು ಬಯಸ್ತೀನಿ."

"ಅದನ್ನ ಇಲ್ಲಿ ಬಿಟ್ಟು ಹೋಗು. ಇನ್ನು ಕೈಯ ವಿಷಯ. ತೋಟದಲ್ಲಿ ಯೂದ ಬಂದು ಮುತ್ತಿಟ್ಟಾಗ ಯೇಸುಸ್ವಾಮಿ ಅವನನ್ನ ಗೆಳೆಯಾ ಅಂತಲೇ ಕರೆದ್ರು. ಮುತ್ತಿಟ್ಟು ಹಿಡಿದುಕೊಡ್ತೀಯಾ ಅಂತಾನೂ ಕೇಳಿದ್ರು. ಗೆಳೆಯಾ ಅಂದ ಮಾತ್ರಕ್ಕೆ ಅವನು ಮಾಡಿದ್ದಕ್ಕೆ ಬೇರೆ ಹೆಸರಿಡ್ಲಿಲ್ಲ. ನೀನೂ ಇಡಬೇಕಾಗಿಲ್ಲ."

ಹೊರಗೆ ಬಂದಾಗ ಭಾರ ಸ್ವಲ್ಪ ಇಳಿದಿತ್ತು. ಮೋಸಕ್ಕೆ ಮೋಸ ಅಂತಲೇ ಕರೆಯಬಹುದು ಅಂತ ಒಬ್ಬರಾದರೂ ಹೇಳಿದ್ದರು.

ಆ ವರ್ಷ ತೇಪೆಯಮ್ಮನ ಮಗಳಿಗೆ ಹದಿನಾರು. ದೃಢೀಕರಣ ಸಂಸ್ಕಾರಕ್ಕೆ ಹೆಸರು ಕೊಟ್ಟಿದ್ದಳು. ಬಿಷಪ್ಪರು ಹಣೆಗೆ ಎಣ್ಣೆ ಹಚ್ಚುವಾಗ ಹಿಂದೆ ನಿಂತು ಬಲಗೈಯನ್ನು ಹೆಗಲ ಮೇಲಿಡಲು ಒಬ್ಬರು ಬೇಕು. ಹುಡುಗಿ ಒಂದು ಮಧ್ಯಾಹ್ನ ಶಾಲೆಯ ಸಮವಸ್ತ್ರದಲ್ಲೇ ಮಡಿಕೆಯಕ್ಕನ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ದೊಡ್ಡಮ್ಮ, ಅಮ್ಮ ಬೇರೆ ಯಾರನ್ನಾದ್ರೂ ಕೇಳು ಅಂತಾಳೆ. ನನಗೆ ನೀವೇ ಬೇಕು."

"ನಾನೇ ನಿಲ್ತೀನಿ. ಅದರಲ್ಲೇನು."

"ನಮ್ಮನೆಗೆ ಯಾಕೆ ಬರಲ್ಲ ಈಗ?"

ಮಡಿಕೆಯಕ್ಕ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಅಮ್ಮ ಸುಳ್ಳು ಹೇಳಿದ್ಲಾ ದೊಡ್ಡಮ್ಮ?"

ಒಂದೇ ಮಾತು ಸಾಕಿತ್ತು. ಹೌದು. ಎಷ್ಟೋ ದಿನದಿಂದ ಒಬ್ಬರಾದರೂ ಈ ಪ್ರಶ್ನೆ ಕೇಳಲಿ ಅಂತ ಕಾದಿದ್ದಳು. ಕೇಳಿದವಳು ಈ ಹುಡುಗಿ, ಅದೇ ಮೂಗು, ಅದೇ ಹುಬ್ಬು.

"ಅದನ್ನ ನಿಮ್ಮಮ್ಮನ್ನೇ ಕೇಳು ಮಗಳೇ," ಅಂದಳು. "ನನ್ನ ಬಾಯಿಂದ ಕೇಳೋದು ಬೇಡ."

ಹುಡುಗಿ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ ಹೊರಟುಹೋದಳು.

ಎರಡು ದಿನ ಬಿಟ್ಟು ತೇಪೆಯಮ್ಮ ನೆಲಮಾಳಿಗೆಗೆ ಇಳಿದು ಬಂದಳು. ಇಷ್ಟು ದಿನದಲ್ಲಿ ಅದೇ ಮೊದಲು. ವಾಸನೆಗೆ ಸೆರಗು ಮೂಗಿಗೆ ಹಿಡಿದಿದ್ದಳು.

"ನನ್ನ ಮಗಳ ತಲೆಗೆ ಏನು ತುಂಬಿದ್ದೀಯ? ನನ್ನ ಜೊತೆ ಮಾತು ಬಿಟ್ಟಿದ್ದಾಳೆ."

"ಏನೂ ತುಂಬಿಲ್ಲ. ನಿನ್ನನ್ನ ಕೇಳು ಅಂದೆ."

"ಅಷ್ಟು ಅಂದ್ರೆ ಸಾಲದಾ? ಎಲ್ಲ ಹೇಳಿದ ಹಾಗೇ."

ಮಡಿಕೆಯಕ್ಕ ಕೈಗವಸು ಬಿಚ್ಚಲಿಲ್ಲ. "ಯಾಕ್ ಹಾಗ್ ಮಾಡ್ದೆ? ಅದೊಂದು ಹೇಳಿ ಹೋಗು. ಒಟ್ಟಿಗೆ ಹೋಗೋಣ ಅಂದಿದ್ನಲ್ಲ. ಅರ್ಧ ನಾನು ಹೊರ್ತೀನಿ ಅಂದಿದ್ನಲ್ಲ."

ತೇಪೆಯಮ್ಮನ ಸೆರಗು ಕೆಳಗಿಳಿಯಿತು. ಚೀಲಗಳ ಮೇಲೆ ಒರಗಿದಳು. ದನಿ ಸಣ್ಣಗಾಯಿತು.

"ಎರಡನೇ ಸಲ ಅಕ್ಕ. ಅರ್ಧ ಹೊತ್ರೂ ನನ್ನ ಕೆಲಸ ಹೋಗ್ತಿತ್ತು. ನಿನ್ನದು ಹೋಗಲ್ಲ ಅಂತ ಗೊತ್ತಿತ್ತು. ಹೋದ್ರೂ ನಿನಗೆ ಗಂಡ ಇದಾನೆ. ದೇವರಿದಾನೆ. ನೀನಾದ್ರೆ ತಡ್ಕೋತೀಯ ಅಂದ್ಕೊಂಡೆ. ದಿನಾ ಆ ಮಾತು ಈ ಮಾತು ಅಂತ ಬರ್ತಿದ್ಯಲ್ಲ, ಕ್ಷಮಿಸೋದು ನಿನಗೆ ಕಷ್ಟ ಆಗಲ್ಲ ಅಂದ್ಕೊಂಡೆ."

ಮೇಟ್ರನ್ ಎದುರು ಇವಳು ಸುಳ್ಳು ಹೇಳಿದಾಗ ಆಗದಷ್ಟು ನೋವು ಮಡಿಕೆಯಕ್ಕನಿಗೆ ಈಗ ಆಯಿತು. ಹತ್ತೊಂಬತ್ತು ವರ್ಷ ಹಂಚಿಕೊಂಡ ಸಾಸಿವೆ, ಬೆಟ್ಟ, ದೀಪ, ಎಲ್ಲವನ್ನೂ ಇವಳು ಕೂಡಿಟ್ಟು ನೋಡಿದ್ದಳು: ಯಾರ ತಲೆಯ ಮೇಲೆ ಹಾಕಿದರೆ ತಿರುಗಿ ಬೀಳುವುದಿಲ್ಲ ಅಂತ.

"ನನ್ನ ಭಕ್ತೀನ ನೀನು ಕಾಲೊರಸು ಮಾಡ್ಕೊಂಡ್ಯಲ್ಲೇ," ಅಂದಳು. ದನಿ ಏರಿರಲಿಲ್ಲ. "ಮೇಲೆ ಹೋಗಿ ನಿಜ ಹೇಳು."

"ಆಗಲ್ಲ ಅಕ್ಕ."

"ಹಾಗಾದ್ರೆ ಹೋಗು. ನನಗೆ ಕೆಲಸ ಇದೆ."

ತೇಪೆಯಮ್ಮ ಮೆಟ್ಟಿಲು ಹತ್ತಿಹೋದಳು. ಮಡಿಕೆಯಕ್ಕ ಮುಂದಿನ ಚೀಲದ ಗಂಟಿಗೆ ಕೈ ಹಾಕಿದಳು.

ದೃಢೀಕರಣದ ದಿನ ಹುಡುಗಿಯ ಹೆಗಲ ಮೇಲೆ ಮಡಿಕೆಯಕ್ಕನ ಬಲಗೈ ಇತ್ತು. ತೇಪೆಯಮ್ಮ ನಾಲ್ಕು ಬೆಂಚು ಹಿಂದೆ. ಶಾಂತಿ ಕೋರುವ ಹೊತ್ತಿಗೆ ಅವಳು ಕೈ ಚಾಚಲಿಲ್ಲ, ಇವಳೂ ತಿರುಗಲಿಲ್ಲ.

ಬುಧವಾರ ಸಂಜೆ ಏಳೆಂಟು ಮನೆಯವರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದಿ, ತಮಗೆ ತೋಚಿದ್ದನ್ನು ಹೇಳುವ ಪದ್ಧತಿ ಆ ಬೀದಿಯಲ್ಲಿತ್ತು. ಈಸ್ಟರ್ ಹಬ್ಬ ಕಳೆದ ಮೂರನೆಯ ವಾರ ಉಪದೇಶಿಯ ಮನೆಯಲ್ಲಿ ಸೇರಿದಾಗ ಓದಿದ್ದು, ಪುನರುತ್ಥಾನರಾದ ಯೇಸು ಕೆರೆಯ ದಂಡೆಯಲ್ಲಿ ಮೀನು ಸುಟ್ಟು ಶಿಷ್ಯರಿಗೆ ಕೊಟ್ಟ ಭಾಗ. ತೇಪೆಯಮ್ಮ ಬಾಗಿಲ ಬಳಿ ಕೂತಿದ್ದಳು. ಒಬ್ಬರು ಮೀನಿನ ಬಗ್ಗೆ ಹೇಳಿದರು, ಇನ್ನೊಬ್ಬರು ಬಲೆಯ ಬಗ್ಗೆ. "ಎಷ್ಟು ದೊಡ್ಡ ಮನಸ್ಸು ನೋಡಿ," ಅಂದಳು ಉಪದೇಶಿಯ ಹೆಂಡತಿ, ಕಣ್ಣನ್ನು ಮಡಿಕೆಯಕ್ಕನ ಮೇಲಿಟ್ಟು. "ಪೇತ್ರ ಮೂರು ಸಲ ಗೊತ್ತೇ ಇಲ್ಲ ಅಂದಿದ್ದ. ಯೇಸು ಹಳೇದೆಲ್ಲ ಮರೆತು ಊಟಕ್ಕೆ ಕರೆದ್ರು."

"ಮರೀಲಿಲ್ಲ," ಅಂದಳು ಮಡಿಕೆಯಕ್ಕ.

ಎಲ್ಲರೂ ತಿರುಗಿದರು. ಎಷ್ಟೋ ವಾರಗಳಿಂದ ಅವಳು ಅಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಅಲ್ಲಿ ಇದ್ದಿಲ ಬೆಂಕಿ ಅಂತ ಬರೆದಿದೆ. ನಮ್ಮವ್ವ ಇದ್ದಿಲ ಇಸ್ತ್ರಿ ಪೆಟ್ಟಿಗೇಲಿ ನಮ್ಮನ್ನ ಸಾಕಿದೋಳು. ಆ ವಾಸನೆ ನನಗೆ ಗೊತ್ತು. ಬಟ್ಟೆಗೆ, ಕೂದಲಿಗೆ ಹತ್ತಿದ್ರೆ ಬಿಡಲ್ಲ. ಪೇತ್ರ ನನಗವನು ಗೊತ್ತಿಲ್ಲ ಅಂದಾಗ ಅಂಗಳದಲ್ಲಿ ಚಳಿ ಕಾಯಿಸ್ತಾ ನಿಂತಿದ್ದದ್ದೂ ಇದ್ದಿಲ ಬೆಂಕಿ ಮುಂದೇನೇ. ಯೇಸುಸ್ವಾಮಿ ದಂಡೇಲಿ ಮತ್ತೆ ಅದನ್ನೇ ಹೊತ್ತಿಸಿದಾರೆ. ಪೇತ್ರನಿಗೆ ಮೂಗಿಗೆ ಬಡೀಲಿ ಅಂತ. ಮೊದಲು ಊಟ ಹಾಕಿದ್ರು, ನಿಜ. ಆಮೇಲೆ ಮೂರು ಸಲ ಕೇಳಿದ್ರು, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯ್ತು. ನೋವಾಗೋ ತನಕ ಕೇಳಿದ್ರು." ಅವಳು ಪುಸ್ತಕ ಮುಚ್ಚಿದಳು. "ಮರೆತೋರು ಹಾಗೆ ಕೇಳಲ್ಲ."

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ತೇಪೆಯಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದಳು. ನಾಳೆ ಬೆಳಿಗ್ಗೆ ಅವಳು ಮೇಟ್ರನ್ ಕೋಣೆಗೆ ಹೋಗಬಹುದು ಅಂತ ಮಡಿಕೆಯಕ್ಕನಿಗೆ ಒಂದು ಆಸೆ ಹುಟ್ಟಿತು. ಹಾಗೇನೂ ಆಗಲಿಲ್ಲ. ತೇಪೆಯಮ್ಮ ಬುಧವಾರಗಳಿಗೆ ಬರುವುದನ್ನು ಬಿಟ್ಟಳು, ಭಾನುವಾರ ಸಂಜೆಯ ಪೂಜೆಗೆ ಬದಲಾಯಿಸಿಕೊಂಡಳು.

ಎರಡು ವರ್ಷಕ್ಕೆ ಮಡಿಕೆಯಕ್ಕ ನಿವೃತ್ತಳಾದಳು. ಬೀಳ್ಕೊಡುಗೆಯ ಚಹಾ ಮುಗಿದ ಮೇಲೆ ಮೇಲ್ವಿಚಾರಕರು ಬಾಗಿಲ ತನಕ ಬಂದರು. "ಒಂದು ಮಾತು ಅಕ್ಕ. ಆವತ್ತೇ ನನಗೆ ಅನುಮಾನ ಇತ್ತು. ನೀವು ಹಾಗ್ ಮಾಡೋರಲ್ಲ ಅಂತ. ಆದ್ರೆ ಯಾರಾದ್ರೂ ಒಬ್ರು ಒಪ್ಕೊಂಡ್ರೆ ಫೈಲು ಮುಗಿಯುತ್ತೆ ನೋಡಿ. ನೀವು ಒಪ್ಕೊಂಡ್ರಿ."

"ನಾನು ನನ್ನ ಅರ್ಧ ಒಪ್ಕೊಂಡೆ," ಅಂದಳು ಅವಳು.

"ಹೌದು, ಹೌದು," ಅಂದರು ಅವರು, ಗಡಿಯಾರ ನೋಡುತ್ತಾ.

ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಸರಿಹೋಯಿತು, ಇನ್ನೊಂದಕ್ಕೆ ಅಷ್ಟಕ್ಕಷ್ಟೆ. ಸಣ್ಣ ಅಕ್ಷರ ಓದಲು ಆಗುವುದಿಲ್ಲ. "ಅವಳನ್ನ ಕ್ಷಮಿಸಿದ್ಯಾ?" ಅಂತ ಒಂದು ದಿನ ಗಂಡ ಗಡ್ಡಕ್ಕೆ ನೊರೆ ಹಚ್ಚಿಕೊಳ್ಳುತ್ತಾ ಕೇಳಿದ.

"ಬೆಳಿಗ್ಗೆ ಪೂಜೇಲಿ ಕ್ಷಮಿಸ್ತೀನಿ. ಹತ್ತು ಗಂಟೆ ಹೊತ್ತಿಗೆ ಮತ್ತೆ ನೆನಪಾಗುತ್ತೆ. ಮತ್ತೆ ಮೊದಲಿಂದ. ಎಪ್ಪತ್ತೇಳು ಸಲ ಕ್ಷಮಿಸು ಅಂದಿದ್ದು ಎಪ್ಪತ್ತೇಳು ತಪ್ಪಿಗೆ ಅಂತ ತಿಳಿದಿದ್ದೆ. ಒಂದೇ ತಪ್ಪಿಗೇ ಇರ್ಬೇಕು ಅದು."

"ಇನ್ನೆಷ್ಟು ಉಳಿದಿದೆ?"

"ಸುಮ್ನೆ ಮುಖ ಕೆರಕೊಳ್ರೀ."

ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಭಾನುವಾರ ಮಧ್ಯಾಹ್ನ ಬರುತ್ತಾಳೆ. ಅಮ್ಮನ ಸುದ್ದಿ ಅವಳು ಎತ್ತುವುದಿಲ್ಲ, ಮಡಿಕೆಯಕ್ಕ ಕೇಳುವುದಿಲ್ಲ. ಕಿಟಕಿಯ ಪಕ್ಕ ಕೂತು ಆ ವಾರದ ವಾಚನಗಳನ್ನು ಓದಿ ಹೇಳುತ್ತಾಳೆ. ನಿಧಾನಕ್ಕೆ, ಅಕ್ಷರ ನುಂಗದೆ, ಚೆನ್ನಾಗಿ ಓದುತ್ತಾಳೆ. ಒಂದೇ ತೊಂದರೆ, ಬೆಳೆಯುತ್ತಾ ಬೆಳೆಯುತ್ತಾ ಅವಳಿಗೆ ತಾಯಿಯದೇ ದನಿ ಬಂದಿದೆ. ವಾಕ್ಯದ ಕೊನೆಯಲ್ಲಿ ಅದೇ ಸಣ್ಣ ಎಳೆತ, ಪ್ರಶ್ನೆಯಲ್ಲಿ ಅದೇ ನಗೆಯ ಎಳೆ. ಮಡಿಕೆಯಕ್ಕ ಕಣ್ಣು ಮುಚ್ಚಿ ಕೂತರೆ ಪಕ್ಕದ ಕುರ್ಚಿಯಲ್ಲಿ ಕೂತು ಓದುತ್ತಿರುವವಳು ಯಾರು ಅಂತ ಹೇಳುವ ಹಾಗಿಲ್ಲ. ದೇವರ ಮಾತು ಈಗ ಅವಳಿಗೆ ಆ ದನಿಯಲ್ಲೇ ಬರಬೇಕು.

ಹೆಚ್ಚಿನ ದಿನ ಕೊನೆಯ ತನಕ ಕೇಳುತ್ತಾಳೆ. ಕೆಲವು ದಿನ ಅರ್ಧಕ್ಕೇ ಕೈ ಎತ್ತಿ, "ಸಾಕು ಮಗಳೇ, ಇವತ್ತಿಗೆ ಇಷ್ಟು ಸಾಕು," ಅನ್ನುತ್ತಾಳೆ. ಹುಡುಗಿ ಯಾಕೆ ಅಂತ ಕೇಳುವುದಿಲ್ಲ. ಪುಟದ ನಡುವೆ ದಾರ ಇಟ್ಟು, ಪುಸ್ತಕ ಮುಚ್ಚಿ, ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಾಳೆ.